ನೆರಳಲ್ಲಿ ಒಣಗಿಸಿದ್ದು

ಐಜೂರು ಸರ್ಕಲ್ ದಾಟುವಾಗ ತನ್ನ ಬ್ಯಾಗಿನಿಂದ ಸತ್ತ ರೇಷ್ಮೆಹುಳದ ವಾಸನೆ ಬರುತ್ತಿದೆ ಅನಿಸಿ ಲತಾಮಣಿ ನಿಂತುಬಿಟ್ಟಳು. ಪಕ್ಕದಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗಿಯರು ತಿರುಗಿ ನೋಡಿದರು. ವಾಸನೆಗೆ ನೋಡಿದರೋ, ದಾರಿಗೆ ಅಡ್ಡ ನಿಂತದ್ದಕ್ಕೆ ನೋಡಿದರೋ ತಿಳಿಯಲಿಲ್ಲ. ಬ್ಯಾಗಿನ ಜಿಪ್ಪು ಎಳೆದೇ ಇತ್ತು. ಒಳಗೆ ಊಟದ ಡಬ್ಬಿ, ಛತ್ರಿ, ಅವುಗಳ ಕೆಳಗೆ ಎರಡು ಪೊಟ್ಟಣ. ಎರಡರಲ್ಲೂ ಒಂದೊಂದು ರೆಕ್ಕೆ, ಒಂದೇ ಬೆಳವನ ಹಕ್ಕಿಯ ಎಡದ್ದು ಮತ್ತು ಬಲದ್ದು. ಎಡಗಡೆಯದನ್ನು ಮನೆಯ ಅಟ್ಟದ ಮೇಲೆ, ಬಿಸಿಲು ಬೀಳದ ಮೂಲೆಯಲ್ಲಿ ಎಂಟು ದಿನ ಇಟ್ಟಿದ್ದಳು. ಅದನ್ನು ನೋಡಿದ್ದಾಳೆ. ಕಂದು ಗರಿಯ ತುದಿಯಲ್ಲಿ ನಸುಗೆಂಪಿನ ಚುಕ್ಕೆಗಳು, ಹಕ್ಕಿ ಬದುಕಿದ್ದಾಗ ಹೇಗೋ ಹಾಗೇ. ಬಲಗಡೆಯದು ಮೂರು ಹಗಲು ಮೂರು ರಾತ್ರಿ ಮುನಾವರ್ ಸಾಹೇಬರ ನೂಲು ತೆಗೆಯುವ ಫಿಲೇಚರಿನಲ್ಲಿ, ರೇಷ್ಮೆಗೂಡಿಗೆ ಬಿಸಿಗಾಳಿ ಕೊಡುವ ತಗಡಿನ ಕೋಣೆಯಲ್ಲಿ ಇದ್ದು, ಈಗಷ್ಟೇ ಅವಳ ಕೈಗೆ ಬಂದಿತ್ತು. ಅದನ್ನು ಬಿಚ್ಚಿರಲಿಲ್ಲ. ಬಿಚ್ಚದೆ ಇರುವ ತನಕ ತನಗೆ ಏನೂ ಗೊತ್ತಿಲ್ಲ, ಗೊತ್ತಿಲ್ಲದವಳು ಸುಳ್ಳುಗಾತಿ ಹೇಗಾಗುತ್ತಾಳೆ ಎಂದು ಫಿಲೇಚರಿನ ಬೀದಿಯಿಂದ ಇಲ್ಲಿಯ ತನಕ ಅವಳು ತನಗೆ ತಾನೇ ನಾಲ್ಕೈದು ಸಲ ಹೇಳಿಕೊಂಡಿದ್ದಳು.

"ತಗೋ ನಿನ್ ಹಕ್ಕೀನ," ಎಂದು ಅಮೀರುನ್ನೀಸಾ ಆಪಾ ಫಿಲೇಚರಿನ ಬಾಗಿಲಲ್ಲೇ ನಿಂತು ಪೊಟ್ಟಣ ಚಾಚಿದ್ದರು. "ನಮ್ ಯಜಮಾನ್ರು ಕೇಳಿದ್ರು, ಏನಿದು, ಗೂಡಿನ್ ಜೊತೆ ರೆಕ್ಕೆ ಮಡ್ಗಿದೀಯ, ಕಬಾಬ್ ಮಾಡ್ತೀಯಾ ಅಂತ. ಲತಾದು ಅಂದೆ. ಯಾವ್ ಲತಾ ಅಂದ್ರು. ಏಳನೇ ಬೇಸಿನ್ ಲತಾ ಅಂದೆ. ಆಗ ಗ್ಯಾನ ಬಂತು ನೋಡು ಅವ್ರಿಗೆ."

"ನೀವು ಬಿಚ್ಚಿ ನೋಡುದ್ರಾ ಆಪಾ?"

"ನಾನ್ಯಾಕ್ ನೋಡ್ಲಿ? ಒಳಗ್ ಬಾ, ಒಸಿ ಚಾ ಕುಡ್ಕೊಂಡ್ ಹೋಗು."

"ಟೈಮಾಯ್ತೈತೆ ಆಪಾ. ಇನ್ನೊಂದಿನ ಬತ್ತೀನಿ."

"ಹದ್ನಾಲ್ಕು ವರ್ಸದಿಂದ ಇನ್ನೊಂದಿನಾನೇ ಬತ್ತಾ ಇದೀಯ ನೀನು. ಬೇಕಾದಾಗ ಬಾಗ್ಲಿಗೆ ಬತ್ತೀಯ, ಹೊಸ್ಲು ಮಾತ್ರ ದಾಟಲ್ಲ. ಕಾಲೇಜ್ ಮೇಡಮ್ಮು!"

ಅದು ತಮಾಷೆಯೇ. ಆಪಾ ನಕ್ಕಿದ್ದರು ಕೂಡ. ಆದರೆ ಹೊಸ್ತಿಲು ದಾಟದ್ದು ನಿಜ. ಹದಿನೇಳನೇ ವಯಸ್ಸಿನಿಂದ ಇಪ್ಪತ್ತನಾಲ್ಕರ ತನಕ ಅವಳು ಆ ಹೊಸ್ತಿಲ ಒಳಗೆ, ಕಿಟಕಿ ಪಕ್ಕದ ಏಳನೇ ಬೇಸಿನ್ನಿನ ಮುಂದೆ ಕೂತು, ಕುದಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿದ್ದಳು. ಬೆರಳ ತುದಿ ಬೆಳ್ಳಗೆ ನೆನೆದು ಸಿಪ್ಪೆ ಏಳುತ್ತಿತ್ತು. ಸಂಜೆ ನಾಲ್ಕಕ್ಕೆ ಬೇಸಿನ್ ಬಿಟ್ಟು ಎದ್ದು, ನಿಂಬೆ ಸಿಪ್ಪೆಯಲ್ಲಿ ಕೈ ಉಜ್ಜಿ, ಐದೂವರೆಗೆ ಸಂಜೆ ಕಾಲೇಜಿನ ಬೆಂಚಿನಲ್ಲಿ ಕೂರುತ್ತಿದ್ದಳು. ಪಕ್ಕದ ಹುಡುಗಿ ಮೊದಲ ದಿನ ಪುಸ್ತಕ ಸರಿಸಿದಳು, ಎರಡನೇ ದಿನ ತಾನು ಸರಿದಳು, ಮೂರನೇ ದಿನ ಬೇರೆ ಬೆಂಚಿಗೆ ಹೋದಳು. ಚರಿತ್ರೆಯ ಮೇಷ್ಟ್ರು ಒಂದು ಸಂಜೆ ಪಾಠ ನಿಲ್ಲಿಸಿ, "ಕಿಟಕಿ ತೆಗೀರಪ್ಪ, ಎಲ್ಲೋ ಏನೋ ಸತ್ತೈತೆ," ಅಂದಾಗ ಇಡೀ ಕ್ಲಾಸು ನಕ್ಕಿತು. ಅವಳೂ ನಕ್ಕಳು. ಎಲ್ಲರೂ ನಿಲ್ಲಿಸಿದ ಮೇಲೂ ಒಂದು ಗಳಿಗೆ ನಗುತ್ತಲೇ ಇದ್ದಳು. ಆ ಒಂದು ಗಳಿಗೆಯ ನಗು ಈಗಲೂ ಬಸ್ಸಿನಲ್ಲೋ ಪಾತ್ರೆ ತೊಳೆಯುವಾಗಲೋ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಹಗಲು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಕೆಲಸ ಸಿಕ್ಕಾಗ ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಫಾರ್ಮಾಲಿನ್. ಅದರ ಮುಂದೆ ಬೇರೆ ಯಾವ ವಾಸನೆಯೂ ನಿಲ್ಲುತ್ತಿರಲಿಲ್ಲ. ಮೊದಲು ಏನು ಮಾಡ್ತಿದ್ದೆ ಎಂದು ವಿಭಾಗದ ಮುಖ್ಯಸ್ಥರಾದ ಜಯಕುಮಾರ್ ಸಾರ್ ಕೇಳಿದಾಗ ಟೈಲರಿಂಗ್ ಅಂದಿದ್ದಳು. ಸತ್ತ ಹಕ್ಕಿಯ ಚರ್ಮ ಬಿಡಿಸಿ, ಹತ್ತಿ ತುಂಬಿ, ಹೊಟ್ಟೆಯ ಸೀಳನ್ನು ಕಾಣದ ಹಾಗೆ ಹೊಲಿಯುವುದನ್ನು ಅವರೇ ಕಲಿಸಿದರು. ಅವಳ ಹೊಲಿಗೆ ನೋಡಿ ಟೈಲರಿಂಗನ್ನು ನಂಬಿದರು.

ಕಾಲೇಜಿನ ಗೇಟಿನ ಒಳಗೆ, ಧೂಳಿನಲ್ಲಿ, ನಾಲ್ಕು ಬೆಳವನ ಹಕ್ಕಿ ನಡೆಯುತ್ತಿದ್ದವು. ಅವಳು ಬಂದರೂ ಹಾರದೆ, ಎರಡು ಹೆಜ್ಜೆ ಬದಿಗೆ ಸರಿದು ಮತ್ತೆ ನೆಲ ಹೆಕ್ಕತೊಡಗಿದವು. ಇವುಗಳಿಗೆ ಊಟವೆಲ್ಲ ನೆಲದ ಮೇಲೇ. ಎರಡು ವರ್ಷದ ಹಿಂದೆ ಬೆಂಗಳೂರಿನ ಸಂಶೋಧನಾ ಸಂಸ್ಥೆಯಿಂದ ನಯನಾ ಬರುವ ತನಕ ಲತಾಮಣಿಗೆ ಇವು ಬರೀ ಬೆಳವ ಆಗಿದ್ದವು. ಆ ದಿನ ನಯನಾ ಡ್ರಾಯರ್ ಎಳೆದು, ಸಾಲಾಗಿ ಮಲಗಿದ್ದ ಹನ್ನೊಂದು ಬೆಳವಗಳನ್ನು ನೋಡಿ, "ಇದನ್ನ ಯಾರು ಮಾಡಿದ್ದು?" ಅಂದಳು. ನಮ್ ಅಟೆಂಡರು ಅಂದರು ಸಾರ್. ನಯನಾ ತಿರುಗಿ, "ಮೇಡಂ, ಇಷ್ಟು ಚೆನ್ನಾಗಿ ಮಾಡಿರೋದು ನಾನು ದೊಡ್ಡ ಮ್ಯೂಸಿಯಂನಲ್ಲೂ ನೋಡಿಲ್ಲ," ಅಂದಳು. ಮೇಡಂ. ಯಾರಿಗೆ ಹೇಳಿದ್ದು ಎಂದು ಲತಾಮಣಿ ಹಿಂದೆ ನೋಡಿದ್ದಳು. ಆಮೇಲೆ ಮಧ್ಯಾಹ್ನಗಳಲ್ಲಿ ಇಬ್ಬರೂ ಡಬ್ಬಿ ಹಂಚಿಕೊಂಡು ತಿನ್ನುವಾಗ ನಯನಾ ಹೇಳುತ್ತಿದ್ದಳು: ಕತ್ತಿನಲ್ಲಿ ಕರಿಪಟ್ಟಿ ಇರುವ ಬೆಳವಗಳ ಮನೆಯಲ್ಲೇ, ಅಂದರೆ ಕುಲದಲ್ಲೇ, ಈ ಚುಕ್ಕೆ ಬೆಳವವನ್ನೂ ಬಹಳ ಕಾಲ ಸೇರಿಸಿದ್ದರು, ಸ್ಟ್ರೆಪ್ಟೊಪೀಲಿಯ ಅಂತ. ಆಮೇಲೆ ಇದರ ಕೂಗು ಬೇರೆ, ಮೈಕಟ್ಟು ಬೇರೆ, ಕೊನೆಗೆ ಜೀನೂ ಬೇರೆ ಎಂದು ಗೊತ್ತಾಗಿ, ಇದಕ್ಕೂ ಇದರ ಜೊತೆಯ ಪುಟ್ಟ ಕಂದು ಬೆಳವಕ್ಕೂ ಬೇರೆ ಮನೆ ಮಾಡಿಕೊಟ್ಟರು, ಸ್ಪೈಲೊಪೀಲಿಯ. ಅದಕ್ಕೂ ಒಂದೇ ಪುಸ್ತಕದಲ್ಲಿ ಎರಡು ಹೆಸರು ಇಟ್ಟಿದ್ದರಂತೆ, ಯಾವುದು ಉಳಿಯಬೇಕು ಅಂತ ನೂರು ವರ್ಷ ದಾಟಿದ ಮೇಲೆ ಜಗಳ. "ಒಂದೇ ಮನೆಗೆ ಎರಡು ರೇಷನ್ ಕಾರ್ಡ್ ಇದ್ದಂಗೆ," ಎಂದು ಲತಾಮಣಿ ಅಂದಾಗ ನಯನಾ ಅನ್ನ ನೆತ್ತಿಗೇರುವಷ್ಟು ನಕ್ಕಿದ್ದಳು. ಆ ಮನೆಯೊಳಗೂ ತಕರಾರು ಮುಗಿದಿಲ್ಲ. ನಮ್ಮ ಕಡೆ ಬೆಳವದ ರೆಕ್ಕೆಯ ಮೇಲೆ ಚುಕ್ಕೆ ಉಂಟು, ಪೂರ್ವದೇಶದ್ದಕ್ಕೆ ಇಲ್ಲ. ಎರಡೂ ಒಂದೇ ಜಾತಿಯೋ ಬೇರೆಯೋ. ಚುಕ್ಕೆಯ ಬಣ್ಣ, ಚುಕ್ಕೆಯ ಅಗಲ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಲತಾಮಣಿಗೆ ಆ ಹೆಸರುಗಳು ಬಾಯಿಪಾಠವಾಗಿದ್ದವು. ಯಾರೋ ಎಲ್ಲೋ ಕೂತು, ಕೇಳದೆ ಹೇಳದೆ, ನೀನು ಇನ್ನು ಆ ಮನೆಯವಳಲ್ಲ, ಈ ಮನೆಯವಳು ಎಂದು ಬರೆಯುವುದು, ಹಕ್ಕಿಗೆ ಅದರ ಅರಿವೇ ಇಲ್ಲದೆ ರಾಗಿ ಹೆಕ್ಕುವುದು, ಇದರಲ್ಲಿ ಅವಳಿಗೆ ಏನೋ ಸಮಾಧಾನ ಇತ್ತು.

ಆ ಹನ್ನೊಂದರಲ್ಲಿ ನಾಲ್ಕು ಹಕ್ಕಿಯ ಚುಕ್ಕೆಗಳು ಇಟ್ಟಿಗೆಯ ಹಾಗೆ ಕೆಂಪು. ನಾಲ್ಕೂ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದವು. ಕನಕಪುರ, ಚನ್ನಪಟ್ಟಣ ತಾಲ್ಲೂಕುಗಳ ದೊಡ್ಡಆಲಹಳ್ಳಿ, ವಿರೂಪಾಕ್ಷಿಪುರದ ಕಡೆಯ ಏಳೂ ನಸುಗೆಂಪು. ಮಾಗಡಿ ಕಡೆಯ ಬಂಡೆಬೆಟ್ಟಗಳ ನಡುವೆ ಒಂದು ಬೇರೆ ಬಗೆಯ ಬೆಳವ ಇದೆ, ಅದಕ್ಕೆ ಬೇರೆ ಸ್ಥಾನ ಕೊಡಬೇಕು ಎಂಬುದು ನಯನಾ ಬರೆದ ಪ್ರಬಂಧ. "ಜೀನ್ ರಿಪೋರ್ಟ್ ಅಷ್ಟು ಸ್ಪಷ್ಟವಾಗಿಲ್ಲ ಮೇಡಂ. ಆದ್ರೆ ಬಣ್ಣ ಸುಳ್ಳು ಹೇಳಲ್ಲ," ಅಂದಿದ್ದಳು ಹೋದ ತಿಂಗಳು, ಮತ್ತೆ, ತಲೆ ಎತ್ತದೆ ಬರೆಯುತ್ತಲೇ, "ಎಲ್ಲಾನೂ ನೆರಳಲ್ಲೇ ಒಣಗಿಸಿದ್ದಲ್ವಾ?" ಎಂದು ಕೇಳಿದ್ದಳು. ಹೂಂ, ಅಂದಿದ್ದಳು ಲತಾಮಣಿ.

ಹೂಂ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು. ಆ ನಾಲ್ಕು ಹಕ್ಕಿ ಸತ್ತದ್ದೂ ಅಷ್ಟೇ ಹೊತ್ತಿನಲ್ಲಿ. ನಯನಾ ಬರುವ ಹಿಂದಿನ ವರ್ಷ ತಿಪ್ಪಸಂದ್ರದ ರಸ್ತೆಯ ಮೇಲೆ ಹುರುಳಿ ಗಿಡ ಹರಡಿದ್ದರು, ಬಸ್ಸು ಲಾರಿಗಳು ತುಳಿದು ಕಾಳು ಉದುರಿಸಲಿ ಎಂದು. ಬೆಳವಗಳು ಕಾಳಿಗೆ ಇಳಿದಿದ್ದವು. ಲಾರಿ ಬಂತು. ಬಸ್ಸಿಗೆ ಕಾಯುತ್ತಿದ್ದ ಲತಾಮಣಿ ಓಡಿಹೋಗಿ ಎತ್ತಿಕೊಂಡಾಗ ನಾಲ್ಕೂ ಇನ್ನೂ ಬೆಚ್ಚಗಿದ್ದವು. ಸತ್ತು ಬಿದ್ದ ಹಕ್ಕಿ ತರಲು ಕಾಲೇಜಿಗೆ ಪರವಾನಗಿ ಕಾಗದ ಇತ್ತು. ಹುರುಳಿಯ ಒಡತಿ ಬೈರಮ್ಮ ಎಂಬ ಮುದುಕಿ, "ನಮ್ ಉಳ್ಳಿ ತಿಂದು ಸತ್ವಲ್ಲವ್ವ, ಪಾಪ ನಮಗ್ ಸುತ್ಕತ್ತದೋ ಲಾರಿಯವ್ನಿಗೋ?" ಎಂದು ಕೇಳಿದ್ದಳು. ಯಾರಿಗೂ ಇಲ್ಲ ಕಣಜ್ಜಿ ಎಂದು ಲತಾಮಣಿ ನಗುತ್ತಾ ಬಂದಿದ್ದಳು. ಚರ್ಮ ಬಿಡಿಸಿ ಹೊಲಿದ ಮಾರನೇ ದಿನದಿಂದ ಸೈಕ್ಲೋನ್ ಮಳೆ. ಒಂಬತ್ತು ದಿನ ಗೋಡೆ ಬೆವರಿತು. ಹತ್ತಿ ಒಣಗಲಿಲ್ಲ, ಕಾಲಿನ ಬುಡದಲ್ಲಿ ವಾಸನೆ ಎದ್ದಿತು. ಸಾರ್ ಮೈಸೂರಿಗೆ ತರಬೇತಿಗೆ ಹೋಗಿದ್ದರು. ಕೊಳೆತುಹೋದರೆ ತನ್ನ ತಲೆಗೆ ಬರುತ್ತದೆ ಎಂಬ ಹೆದರಿಕೆಯಲ್ಲಿ ಅವಳಿಗೆ ಗೊತ್ತಿದ್ದ ಒಂದೇ ಉಪಾಯ ನೆನಪಾಯಿತು. ಗೂಡಿನೊಳಗಿನ ಹುಳ ಚಿಟ್ಟೆಯಾಗಿ ಹೊರಬಂದರೆ ಎಳೆ ಹರಿಯುತ್ತದೆ, ಅದಕ್ಕೆ ಮೊದಲೇ ಬಿಸಿಗಾಳಿ ಕೊಟ್ಟು ಕೊಂದು ಒಣಗಿಸುತ್ತಾರೆ. ಎಂಥ ಮಳೆಯಲ್ಲೂ ಅಲ್ಲಿ ಗೂಡು ಕೊಳೆತದ್ದನ್ನು ಅವಳು ಕಂಡಿರಲಿಲ್ಲ. ಆ ಕೋಣೆಯ ತಟ್ಟೆಯ ಮೇಲೆ ಗೂಡಿನ ಜೊತೆ ನಾಲ್ಕು ಬೆಳವ ಮಲಗಿದವು. ಮೂರು ದಿನಕ್ಕೆ ಹಪ್ಪಳದ ಹಾಗೆ ಒಣಗಿ ಬಂದವು. ಚುಕ್ಕೆ ಸ್ವಲ್ಪ ಕೆಂಪಗಿವೆಯಾ ಅನಿಸಿತ್ತು. ಮಳೆಗಾಲದ ಬೆಳಕು ಅಂದುಕೊಂಡಳು. ಲೇಬಲ್ಲಿನಲ್ಲಿ 'ಒಣಗಿಸಿದ ಬಗೆ' ಎಂಬ ಸಾಲಿತ್ತು. ಐವತ್ತು ಲೇಬಲ್ಲಿಗೂ ವರ್ಷದ ಮೊದಲಲ್ಲೇ, ಬಿಡುವಿದ್ದ ಒಂದು ದಿನ, ತನ್ನ ದುಂಡು ಅಕ್ಷರದಲ್ಲಿ 'ನೆರಳಲ್ಲಿ' ಎಂದು ಬರೆದಿಟ್ಟಿದ್ದಳು. ಅದನ್ನೇ ಕಟ್ಟಿದಳು. ಅದು ಸುಳ್ಳಾಗಿರಲಿಲ್ಲ, ಬರೆಯುವಾಗ.

"ಬಂದ್ಯಾ? ನಯನಾ ಆಗ್ಲೇ ಬಂದ್ಬುಟ್ಟವ್ಳೆ. ಟ್ರೇ ಎಲ್ಲಾ ತೆಗ್ದಿಡು," ಎಂದರು ಜಯಕುಮಾರ್ ಸಾರ್ ಕಾರಿಡಾರಿನಲ್ಲೇ. ಇವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. "ಆಮೇಲೆ ಕ್ಯಾಂಟೀನಿಂದ ಎರಡು ಟೀ."

"ಮೂರು, ಸಾರ್," ಎಂದಳು ನಯನಾ ಒಳಗಿಂದ.

"ಹಾಂ, ಮೂರು. ಲತಾ, ಗೊತ್ತಾಯ್ತಾ, ಸಂಜೆ ಪೇಪರ್ ಜರ್ನಲ್ಲಿಗೆ ಹೋಯ್ತದೆ. ಮುಂದಿನ ತಿಂಗ್ಳು ಇಲ್ಲೇ ಸೆಮಿನಾರ್. ಮೂವತ್ತೊಂದು ವರ್ಸ ಸರ್ವೀಸಾಯ್ತು ನಂಗೆ, ಈ ಡಿಪಾರ್ಟ್‌ಮೆಂಟಿಂದ ಒಂದ್ ಸೊಳ್ಳೆಗೂ ಹೆಸರಿಟ್ಟಿರ್ಲಿಲ್ಲ ಕಣಮ್ಮ."

ಟ್ರೇಗಳನ್ನು ಉದ್ದನೆ ಮೇಜಿನ ಮೇಲೆ, ಕಿಟಕಿಯ ಬೆಳಕಿಗೆ ಇಟ್ಟಳು. ಎಡಕ್ಕೆ ಏಳು, ಬಲಕ್ಕೆ ನಾಲ್ಕು. ಕೊನೆಯ ಫೋಟೋಗಳು ಬಾಕಿ. ನಯನಾ ಲ್ಯಾಪ್‌ಟಾಪ್ ತಿರುಗಿಸಿ, "ಮೇಡಂ, ಇಲ್ಲಿ ನೋಡಿ," ಎಂದು ಬೆರಳಿಟ್ಟಳು. ಇಂಗ್ಲಿಷಿನ ಸಣ್ಣ ಅಕ್ಷರಗಳ ನಡುವೆ ತನ್ನ ಹೆಸರು. ಮಾದರಿಗಳನ್ನು ಸಿದ್ಧಪಡಿಸಿದವರು ಇವರು, ಇವರ ಕೈಯಿಲ್ಲದೆ ಈ ಕೆಲಸವೇ ಇಲ್ಲ ಎಂದು ಬರೆದಿತ್ತು. ಲತಾಮಣಿ ಅದನ್ನು ಎರಡು ಸಲ ಓದಿದಳು. ಎರಡನೇ ಸಲ ಓದಿದ್ದು ಆಸೆಗೆ ಎಂದು ಅವಳಿಗೆ ಗೊತ್ತಾಯಿತು. ಅದರಲ್ಲಿ ಸುಳ್ಳೂ ಇರಲಿಲ್ಲ. ಇವಳ ಕೈಯಿಲ್ಲದೆ ಈ ಕೆಲಸವೇ ಇಲ್ಲ.

ಕೈ ತೊಳೆದು ಬರ್ತೀನಿ ಎಂದು ಮೂಲೆಯ ಸಿಂಕಿಗೆ ಹೋದಳು. ನಲ್ಲಿ ಬಿಟ್ಟು, ಬೆರಳು ಮೂಸಿದಳು. ಪೊಟ್ಟಣ ಬ್ಯಾಗಿನಲ್ಲೇ ಇರಲಿ. ಯಾರು ಕೇಳುತ್ತಾರೆ. ಹಕ್ಕಿಗಂತೂ ಗೊತ್ತಿಲ್ಲ. ಮುಂದೆ ಯಾರೋ ತಿಪ್ಪಸಂದ್ರಕ್ಕೆ ಹೋಗಿ ಕೆಂಪು ಚುಕ್ಕೆ ಹುಡುಕಿ, ಸಿಗದೆ, ಈ ನಯನಾ ಎಂಬವಳು ಯಾವಳು ಎಂದು ನಗುತ್ತಾರೆ. ಒಂದು ಕೋಣೆಯಲ್ಲಿ ಕೂತು ನಗುತ್ತಾರೆ. ನಯನಾ ಅಲ್ಲೇ ಇದ್ದರೆ ಅವಳೂ ನಗಬೇಕಾಗುತ್ತದೆ, ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚು. ಲತಾಮಣಿ ನಲ್ಲಿ ನಿಲ್ಲಿಸಿದಳು.

ಮೊದಲು ಮನೆಯ ಪೊಟ್ಟಣ ಬಿಚ್ಚಿ ರೆಕ್ಕೆಯನ್ನು ಮೇಜಿನ ಮೇಲಿಟ್ಟಳು. ಎರಡನೆಯದನ್ನು ಬಿಚ್ಚುವಾಗ ಅದರ ಕಡೆ ನೋಡಲಿಲ್ಲ, ನಯನಾಳ ಮುಖ ನೋಡಿದಳು.

"ಓ! ಹೊಸದಾ ಮೇಡಂ? ಎರಡು ಸಿಕ್ಕಿದ್ವಾ?" ನಯನಾಳ ಕಣ್ಣು ಅರಳಿತು. "ಹೇಳ್ಬೇಡಿ, ಹೇಳ್ಬೇಡಿ. ಎಲ್ಲೀದು ಅಂತ ನಾನೇ ಹೇಳ್ತೀನಿ." ಒಂದನ್ನು ಎತ್ತಿ ಎಡದ ಏಳರ ಪಕ್ಕ ಇಟ್ಟಳು. ಇನ್ನೊಂದನ್ನು ಬೆಳಕಿಗೆ ಹಿಡಿದು, ಒಂದು ಕ್ಷಣವೂ ಅನುಮಾನಿಸದೆ ಬಲದ ನಾಲ್ಕರ ಪಕ್ಕ ಇಟ್ಟಳು. "ಇದು ಚನ್ನಪಟ್ಟಣನೋ ಕನಕಪುರನೋ ಆ ಕಡೇದು. ಇದು ಮಾಗಡಿದು. ಸರೀನಾ? ನೋಡಿ ಸಾರ್, ಲೇಬಲ್ ಇಲ್ದೇನೇ ಗೊತ್ತಾಗುತ್ತೆ!"

"ಭೇಷ್!" ಎಂದು ಸಾರ್ ಮೇಜು ತಟ್ಟಿದರು.

ಲತಾಮಣಿ ಈಗ ನೋಡಿದಳು. ಬಲಗಡೆಯ ರೆಕ್ಕೆ ಇಟ್ಟಿಗೆಯ ಹಾಗೆ ಕೆಂಪಗಿತ್ತು.

"ಎರಡೂ ಒಂದೇ ಹಕ್ಕಿದು," ಎಂದಳು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದಳು. "ಒಂದೇ ಹಕ್ಕಿ. ವಿರೂಪಾಕ್ಷಿಪುರದಲ್ಲಿ ತಂಗಿ ಮನೆ ಹತ್ರ ಸಿಕ್ಕಿದ್ದು. ಇದು ನೆರಳಲ್ಲಿ ಒಣಗಿದ್ದು. ಅದು ಫಿಲೇಚರಲ್ಲಿ, ಗೂಡಿಗೆ ಬಿಸಿ ಕೊಡ್ತಾರಲ್ಲ, ಅಲ್ಲಿ. ಆ ನಾಲ್ಕೂ ಅಲ್ಲೇ ಒಣಗಿಸಿದ್ದು. ಮಳೆ ಇತ್ತು."

ನಯನಾ ನಗುತ್ತಲೇ ಇದ್ದಳು. ಮುಖಕ್ಕೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಆಮೇಲೆ ಎರಡು ರೆಕ್ಕೆಗಳನ್ನೂ ಹತ್ತಿರ ತಂದು, ಭುಜದ ಕಡೆಯ ತುಂಡು ಸೇರಿಸಿ, ಸ್ಕೇಲಿಟ್ಟು ಅಳೆದಳು. ಗರಿಗಳನ್ನು ಒಂದೊಂದಾಗಿ ಎಣಿಸಿದಳು. ಎರಡರಲ್ಲೂ ಹೊರಗಿನಿಂದ ನಾಲ್ಕನೇ ಗರಿ ಅರ್ಧ ಬೆಳೆದಿತ್ತು, ಹೊಸದು, ಒಂದೇ ಹಕ್ಕಿಯಲ್ಲಿ ಜೋಡಿಯಾಗಿ ಬರುವ ಹಾಗೆ. ಅಲ್ಲಿಗೆ ಅವಳ ಬೆರಳು ನಿಂತಿತು.

"ಫಿಲೇಚರಾ?" ಎಂದರು ಸಾರ್. "ಹುಳ ಬೇಯ್ಸೋ ಕಡೆ ನಮ್ ಸ್ಪೆಸಿಮನ್ನಾ? ಯಾರ್ ಹೇಳ್ಕೊಟ್ರು ನಿಂಗೆ ಈ ಬುದ್ಧಿ?"

"ನಾನು ಅಲ್ಲೇ ಇದ್ದೆ ಸಾರ್. ಏಳು ವರ್ಷ. ನೂಲು ತೆಗೀತಿದ್ದೆ."

"ಟೈಲರಿಂಗ್ ಅಂದಿದ್ದೆ?"

"ಅಂದಿದ್ದೆ."

ಸಾರ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು, ಇಸ್ತ್ರಿ ಹಾಳಾಗುವಷ್ಟು. "ನಿನ್ ಕೆಲ್ಸದ್ ರಿನ್ಯೂಯಲ್ ಲೆಟರ್ ನನ್ ಟೇಬಲ್ ಮೇಲೈತೆ. ಇನ್ನೂ ಸೈನ್ ಮಾಡಿಲ್ಲ ನಾನು. ಗೊತ್ತಲ್ಲ?" ಎಂದರು. ಅದು ಬೆದರಿಕೆಯೋ, ಇನ್ನೇನು ಹೇಳಬೇಕೆಂದು ತಿಳಿಯದೆ ಆಡಿದ ಮಾತೋ. ಎದ್ದು ಹೋದರು. ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿಕೊಂಡಿತು. ಅದು ಇನ್ನೂ ಕೆಟ್ಟದ್ದಾಗಿತ್ತು.

ನಯನಾ ಲ್ಯಾಪ್‌ಟಾಪ್ ಮುಚ್ಚಿದಳು. ಅದರ ಮೇಲೆ ಎರಡೂ ಅಂಗೈ ಇಟ್ಟುಕೊಂಡಳು. ಹೊರಗೆ ಬೆಲ್ಲು ಹೊಡೆಯಿತು, ಹುಡುಗರ ಗದ್ದಲ ಕಾರಿಡಾರಿನಲ್ಲಿ ಹರಿದುಹೋಯಿತು.

"ನಾನು ಕೇಳಿದ್ದೆ. ನೀವು ಹೂಂ ಅಂದ್ರಿ."

"ಹೌದು."

"ಎರಡು ವರ್ಷ," ಎಂದಳು ನಯನಾ. "ಯಾಕೆ?"

ಬೆಂಚು, ಕಿಟಕಿ, ಮೇಷ್ಟ್ರು, ನಿಂಬೆ ಸಿಪ್ಪೆ, ಎಲ್ಲಿಂದ ಹೇಳುವುದು. ನಯನಾ ಕೆಂಪು ರೆಕ್ಕೆಯನ್ನು ಎತ್ತಿ, ಹತ್ತಿರ ತಂದು, ಹುಬ್ಬು ಗಂಟಿಕ್ಕಿದಳು.

"ಏನಿದು ವಾಸನೆ?"

"ಹುಳದ್ದು," ಎಂದಳು ಲತಾಮಣಿ. "ಅದಕ್ಕೇ."

ನಯನಾಗೆ ಅರ್ಥವಾಯಿತೋ ಇಲ್ಲವೋ. ಆದರೆ ರೆಕ್ಕೆಯನ್ನು ಮೂಗಿನಿಂದ ದೂರ ಮಾಡಲಿಲ್ಲ; ಇನ್ನೊಮ್ಮೆ ಮೂಸಿ, ಬಲದ ಸಾಲಿನ ಒಂದು ಹಕ್ಕಿಯನ್ನೂ ಎತ್ತಿ ಮೂಸಿದಳು. ಎರಡು ವರ್ಷ ಕೈಯಲ್ಲಿ ಹಿಡಿದು ಅಳೆದಿದ್ದ ಹಕ್ಕಿ. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಪೆನ್ಸಿಲ್ ತೆಗೆದು ಮೇಜಿನ ಮೇಲೆ ಲತಾಮಣಿಯ ಕಡೆ ಉರುಳಿಸಿದಳು. ಲತಾಮಣಿ ನಾಲ್ಕು ಲೇಬಲ್ಲಿನಲ್ಲೂ 'ನೆರಳಲ್ಲಿ' ಎಂಬುದರ ಮೇಲೆ, ಹಳೆಯದು ಓದಲು ಬರುವ ಹಾಗೆ, ಒಂದು ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: ರೇಷ್ಮೆಗೂಡು ಒಣಗಿಸುವ ಕೋಣೆ, ಮೂರು ದಿನ. ಅಕ್ಷರ ದುಂಡಗೆ ಬರಲಿಲ್ಲ.

"ಆ ಕೋಣೆ ನೋಡ್ಬೇಕು," ಎಂದಳು ನಯನಾ ಚೀಲಕ್ಕೆ ಥರ್ಮಾಮೀಟರ್ ಹಾಕುತ್ತಾ. ದನಿ ಒಣಗಿತ್ತು. ಮೇಡಂ ಅನ್ನಲಿಲ್ಲ. "ಎಷ್ಟು ಬಿಸಿ, ಎಷ್ಟು ಹೊಗೆ, ತಟ್ಟೆ ಯಾವುದು, ಎಲ್ಲಾ ಬರ್ಕೋಬೇಕು. ಇನ್ಯಾವ ಡ್ರಾಯರಿನಲ್ಲಿ ಯಾರು ಹೀಗೆ ಮಾಡಿದಾರೋ. ಈಗಲೇ ಹೋಗೋಣ."

ಇಬ್ಬರೂ ನಡೆದೇ ಹೊರಟರು. ಬೀದಿ ತಿರುಗುವ ಮೊದಲೇ ವಾಸನೆ ಎದುರು ಬಂತು. ನಯನಾಳ ಕೈ ಮೂಗಿನ ಕಡೆ ಹೋಗಿ, ಅರ್ಧಕ್ಕೆ ನಿಂತು, ಇಳಿಯಿತು. ಲತಾಮಣಿ ಅದನ್ನು ನೋಡಿದಳು. ನೋಡದವಳ ಹಾಗೆ ನಡೆಯಲಿಲ್ಲ.

ಬಾಗಿಲಲ್ಲಿ ಗೂಡು ಆರಿಸುತ್ತಿದ್ದ ಅಮೀರುನ್ನೀಸಾ ಆಪಾ ತಲೆ ಎತ್ತಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: "ಅರೇ, ಏಳನೇ ಬೇಸಿನ್ನು! ಬೆಳಿಗ್ಗೆ ಟೈಮಿಲ್ಲ ಅಂದೆ, ಈಗ ಮನುಷ್ಯರನ್ನೂ ಕರ್ಕೊಂಡ್ ಬಂದ್ಬುಟ್ಟೆ?"

ನಯನಾ ಪುಸ್ತಕ ತೆರೆದು ಪೆನ್ಸಿಲ್ ಹಿಡಿದಿದ್ದಳು. "ಏಳನೇ ಬೇಸಿನ್ ಅಂದ್ರೆ?"

ಲತಾಮಣಿ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಳು. ಒಳಗೆ ಹಬೆ ದಟ್ಟವಾಗಿತ್ತು, ನೀರು ಕುದಿಯುವ ಸದ್ದು, ತಿರುಗುವ ರಾಟೆಗಳು. ಕಿಟಕಿಯ ಪಕ್ಕ ಯಾರೋ ಒಬ್ಬಳು, ಬೆನ್ನು ಮಾತ್ರ ಕಾಣುವಂತೆ, ನೀರಿಗೆ ಬೆರಳದ್ದಿ ಕೂತಿದ್ದಳು.

"ಅಲ್ಲಿ, ಆ ಕಿಟಕಿ ಹತ್ರ," ಎಂದಳು. "ನಂದು."